ಐವತ್ತು ಕಿಲೋಮೀಟರ್ ಸೈಕಲ್ ಸುತ್ತಿಗೆ ಎಷ್ಟು ನೀರು ಬೇಕು?

ಸ್ಪೇನ್ ದೇಶದ ಆಗ್ನೇಯ ಮೂಲೆಯಲ್ಲಿ, ಅಲ್ಮೆರಿಯಾ ಪ್ರಾಂತ್ಯದ ಕಡಲಂಚಿಗೆ, ಕಾಬೊ ದೆ ಗಾತಾ–ನಿಹಾರ್ ಎಂಬ ನಿಸರ್ಗ ಉದ್ಯಾನವಿದೆ. 1987ರಲ್ಲಿ ಘೋಷಣೆಯಾದ ಈ ಉದ್ಯಾನ ಯುರೋಪಿನ ಅತಿ ಒಣ ಜಾಗಗಳಲ್ಲಿ ಒಂದು. ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಿದ್ದರೆ ದೊಡ್ಡದು. ಕಾಸರಗೋಡಿನ ಮಕ್ಕಳಿಗೆ ನಗು ಬರಬಹುದು. ಅಲ್ಲಿ ಜೋರು ಮಳೆ ಹಿಡಿದರೆ ಎರಡು ಮೂರು ದಿನದಲ್ಲೇ ಅಷ್ಟು ಸುರಿಯುತ್ತೆ. ರಾಯದುರ್ಗ, ಮಡಕಶಿರಾ, ಜತ್ತದ ಮಕ್ಕಳಿಗೆ ಮಾತ್ರ ಹೆಚ್ಚು ವಿವರಿಸಬೇಕಿಲ್ಲ. ಪಶ್ಚಿಮ ಘಟ್ಟ ದಾಟುವಷ್ಟರಲ್ಲಿ ನಮ್ಮ ಮುಂಗಾರು ಒಣಗುವ ಹಾಗೆಯೇ, ಅಟ್ಲಾಂಟಿಕ್ ಕಡೆಯ ಗಾಳಿ ಸಿಯೆರಾ ನೆವಾದಾ ಮುಂತಾದ ಬೆಟ್ಟಗಳ ಮೇಲೆ ಮಳೆ ಸುರಿಸಿ ಇಲ್ಲಿಗೆ ಬರಿಗೈಲಿ ಬರುತ್ತದೆ. ಕಡಲು ಪಕ್ಕದಲ್ಲಿದ್ದ ಮಾತ್ರಕ್ಕೆ ಮಳೆ ಬರಲ್ಲ ಅಂತ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇಲ್ಲಿ ಒಂದು ಬೆಟ್ಟಸಾಲನ್ನು ಸುತ್ತಿ ಬರುವ ಸೈಕಲ್ ದಾರಿ ಇದೆ. ಸಾನ್ ಹೊಸೆ ಎಂಬ ಊರಿಂದ ಮಣ್ಣಿನ ದಾರಿಯಲ್ಲಿ ಹೆನೊವೆಸೆಸ್, ಮೊನ್ಸುಲ್ ಕಡಲತೀರಗಳ ಪಕ್ಕ ಸಾಗಿ, ವೆಲಾ ಬ್ಲಾಂಕಾ ಎಂಬ ಹಳೆಯ ಕಾವಲು ಗೋಪುರದ ದಿಣ್ಣೆ ಹತ್ತಬೇಕು. ಆ ಏರಿನಲ್ಲಿ ಮೋಟಾರು ವಾಹನಗಳಿಗೆ ಗೇಟು ಹಾಕಿದ್ದಾರೆ. ಸೈಕಲ್ಲು, ಕಾಲ್ನಡಿಗೆಗೆ ಅಡ್ಡಿಯಿಲ್ಲ. ಆಚೆ ಕಿತ್ತುಹೋದ ಟಾರಿನ ಇಳಿಜಾರು, ಭೂಶಿರದ ದೀಪಸ್ತಂಭ, ಉಪ್ಪಿನ ಮಡಿಗಳು, ಕಾಬೊ ದೆ ಗಾತಾ ಹಳ್ಳಿ. ಅಲ್ಲಿಂದ ಒಳನಾಡಿನ ಟಾರು ರಸ್ತೆ ಹಿಡಿದು ಪೂರ್ವಕ್ಕೆ ತಿರುಗಿ ಮತ್ತೆ ಸಾನ್ ಹೊಸೆ. ಒಟ್ಟು 50 ಕಿ.ಮೀ. ಆಸುಪಾಸು. ಗಂಟೆಗೆ 15 ಕಿ.ಮೀ. ಹೋದರೆ ಮೂರು ಗಂಟೆ ಇಪ್ಪತ್ತು ನಿಮಿಷ ಸಾಕಲ್ಲ ಅಂತ ಲೆಕ್ಕ ಹಾಕೋದು ಸುಲಭ. ಆ ಲೆಕ್ಕ ನಂಬಿ ಒಂದು ಬಾಟಲಿ ನೀರಿಟ್ಟುಕೊಂಡು ಹೊರಟರೆ ಪ್ರಾಣಕ್ಕೇ ಸಂಚಕಾರ. ಯಾಕಂದ್ರೆ ಸಾನ್ ಹೊಸೆ ಬಿಟ್ಟ ಮೇಲೆ ಉಪ್ಪಿನ ಮಡಿಗಳ ಊರಿನ ತನಕ ಅಂಗಡಿ, ನಲ್ಲಿ ಯಾವುದರ ಖಾತ್ರಿಯೂ ಇಲ್ಲ, ನೆರಳಂತೂ ಇಲ್ಲವೇ ಇಲ್ಲ.

ಹಾಗಾದರೆ ನೀರೆಷ್ಟು? ಪುಸ್ತಕ ತೆಗೆದು ಲೆಕ್ಕ ಮಾಡಿ ನೋಡಿ. ಸವಾರ, ಸೈಕಲ್ಲು, ಸಾಮಾನು ಸೇರಿ 85 ಕಿಲೋ ಅನ್ನೋಣ. ವೆಲಾ ಬ್ಲಾಂಕಾ ದಿಣ್ಣೆ ಸಮುದ್ರಮಟ್ಟದಿಂದ ಸುಮಾರು 200 ಮೀಟರ್ ಎತ್ತರ. ಮೇಲೇರಿಸಲು ಬೇಕಾದ ಕೆಲಸ 85 × 9.8 × 200, ಅಂದರೆ 1,66,600 ಜೂಲ್. ಆದರೆ ನಮ್ಮ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಪೆಡಲಿಗೆ ಹೋಗುತ್ತದೆ, ಮುಕ್ಕಾಲು ಭಾಗ ಬಿಸಿಯಾಗುತ್ತದೆ. ಅಲ್ಲಿಗೆ ಹೊರಹಾಕಬೇಕಾದ ಬಿಸಿ ಸುಮಾರು 5 ಲಕ್ಷ ಜೂಲ್. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2,400 ಜೂಲ್ ಹೀರುತ್ತದೆ. ಭಾಗಿಸಿದರೆ 200 ಗ್ರಾಂ ಚಿಲ್ಲರೆ ಬೆವರು. ಇದು ಎತ್ತರಕ್ಕಷ್ಟೇ ತೆತ್ತ ಸುಂಕ! ಮಣ್ಣುದಾರಿಯ ಎಳೆತ, ಎದುರುಗಾಳಿ, ನೆತ್ತಿಯ ಬಿಸಿಲು ಎಲ್ಲ ಬೇರೆ. ಆದ್ದರಿಂದ ಆ ಒಂದು ತುಂಡು ದಾರಿಗೇ ಎರಡು ಲೀಟರ್ ಹೊರುವುದು ಅತಿಯಲ್ಲ.

ಒಣ ಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದೆ ಆರಿಹೋಗುತ್ತೆ. ಅಂಗಿಯ ಮೇಲೆ ಬಿಳಿ ಗೆರೆ ಮೂಡಿದಾಗಲೇ ಗೊತ್ತಾಗೋದು. ದೀಪಸ್ತಂಭದಾಚೆಯ ಮಡಿಗಳಲ್ಲಿ ಉಪ್ಪು ಕಟ್ಟುವುದೂ ಇದೇ ಬಿಸಿಲು, ಇದೇ ಗಾಳಿಯಿಂದ. ಅಲ್ಲಿ ರಾಜಹಂಸಗಳು ಗುಂಪುಗುಂಪಾಗಿ ನಿಂತಿರುತ್ತವೆ, ಇಳಿದು ನೋಡುವಷ್ಟು ಹೊತ್ತು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಗಾಳಿ. ಈ ಕರಾವಳಿಗೆ ಎರಡೇ ಮುಖ್ಯ ಗಾಳಿ: ಮೂಡಣ ಗಾಳಿಗೆ ಲೆವಾಂತೆ, ಪಡುವಣ ಗಾಳಿಗೆ ಪೊನಿಯೆಂತೆ ಅಂತಾರೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಯಿಲ್ಲದಾಗ 15 ಕಿ.ಮೀ. ವೇಗದಲ್ಲಿ ಹೋದರೆ ಮೈಗೆ ಬಡಿಯುವುದು 15. ಎದುರಿನಿಂದ 30ರ ಗಾಳಿ ಬಂದರೆ 45. ಮೂರು ಪಟ್ಟು ವೇಗ, ಒಂಬತ್ತು ಪಟ್ಟು ತಡೆ. ಹಾಗಾಗಿ ದಣಿಯುವ ಮುನ್ನವೇ ಎದುರುಗಾಳಿಯ ಭಾಗ ಮುಗಿಸಬೇಕು. ಸುತ್ತುದಾರಿಯ ಉಪಕಾರ ಗೊತ್ತಾಗೋದು ಇಲ್ಲೇ. ಸುತ್ತಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ, ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಪಡುವಣ ಗಾಳಿಯ ದಿನ ಸಾನ್ ಹೊಸೆಯಿಂದ ಪಶ್ಚಿಮಕ್ಕೆ ಹೊರಡಿ. ಮೂಡಣ ಗಾಳಿಯ ದಿನ ಕಾಬೊ ದೆ ಗಾತಾ ಹಳ್ಳಿಯಿಂದ ಪೂರ್ವಕ್ಕೆ.

ಮರಳು ಸಿಕ್ಕಿದ ಕಡೆ ಟಯರಿನ ಗಾಳಿ ತುಸು ಇಳಿಸಬೇಕು. ಹಿಂದಿನ ಚಕ್ರದ ಮೇಲೆ 400 ನ್ಯೂಟನ್ ಭಾರವಿದ್ದು, ಟಯರಿನ ಒತ್ತಡ ಚದರ ಸೆಂ.ಮೀ.ಗೆ 40 ನ್ಯೂಟನ್ ಇದ್ದರೆ ನೆಲ ಮುಟ್ಟುವ ಜಾಗ ಸುಮಾರು 10 ಚದರ ಸೆಂ.ಮೀ.; 20ಕ್ಕೆ ಇಳಿಸಿದರೆ 20 ಚದರ ಸೆಂ.ಮೀ. ಅಗಲವಾಗಿ ಕೂತ ಚಕ್ರ ಅಷ್ಟು ಹೂಳಲ್ಲ. ಟಾರು ಬಂದಾಗ ಮತ್ತೆ ತುಂಬಿಸಬೇಕು, ಆದ್ದರಿಂದ ಪಂಪು ಬೇಕೇ ಬೇಕು. ಪಂಚರ್ ಸಾಮಾನೂ ಬೇಕು. ಇಲ್ಲಿನ ಬಯಲಲ್ಲಿ ನಮ್ಮ ಬೋರೆಹಣ್ಣಿನ ಗಿಡದ ದಾಯಾದಿಯೊಂದು ಬೆಳೆಯುತ್ತದೆ, ಮುಳ್ಳಿನಲ್ಲೂ ನಮ್ಮದರದ್ದೇ ಗುಣ!

ಅಡ್ಡದಾರಿ ಹಿಡಿದು ಬಯಲಿಗೆ ನುಗ್ಗುವಂತಿಲ್ಲ. ನೋಡೋಕೆ ಬರಡು ನೆಲ, ಆದರೆ ಮೇಲ್ಪದರದಲ್ಲಿ ಕಲ್ಲುಹೂವು, ಪಾಚಿ, ಸಯನೋಬ್ಯಾಕ್ಟೀರಿಯಾ ಸೇರಿ ಮಣ್ಣಿನ ಕಣಗಳನ್ನು ಹಿಡಿದಿಟ್ಟ ತೆಳ್ಳನೆ ಸಿಪ್ಪೆಯಿದೆ. ಚಕ್ರ ಒಮ್ಮೆ ಹಾದರೆ ಅದು ಪುಡಿ, ಮತ್ತೆ ಕಟ್ಟಿಕೊಳ್ಳೋಕೆ ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಗಾಳಿ ಆ ಮಣ್ಣನ್ನು ಹೊತ್ತೊಯ್ದಿರುತ್ತದೆ. ಹಾಗೇ, ರಾಂಬ್ಲಾ ಎಂಬ ಒಣಹಳ್ಳಗಳಲ್ಲಿ ಮೋಡ ಕವಿದಾಗ ನಿಲ್ಲಬಾರದು. ಶರತ್ಕಾಲದಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಒಂದೇ ದಿನ ಸುರಿದು, ಮೇಲೆ ಬೆಟ್ಟದಲ್ಲಿ ಬಿದ್ದ ನೀರು ಕೆಳಗೆ ಹಳ್ಳ ತುಂಬಿ ನುಗ್ಗುವುದುಂಟು.

ಮರಳುವ ದಾರಿಯಲ್ಲಿ ಹೇಳುವಂಥದ್ದು ಕಮ್ಮಿ. ವಾಹನಗಳಿವೆ, ಎದ್ದು ಕಾಣುವ ಬಣ್ಣದ ಅಂಗಿ ಇರಲಿ. ಸಾನ್ ಹೊಸೆಗೆ ಮೂರು ಕಿ.ಮೀ. ಮುಂಚೆ ಪೊಸೊ ದೆ ಲೊಸ್ ಫ್ರಾಯ್ಲೆಸ್ ಸಿಗುತ್ತದೆ; ಆ ಹೆಸರಿನ ಅರ್ಥ 'ಸನ್ಯಾಸಿಗಳ ಬಾವಿ'. ದನ-ಕತ್ತೆ ಕಟ್ಟಿ ತಿರುಗಿಸಿ, ಸಾಲುಗಡಿಗೆಗಳಿಂದ ನೀರೆತ್ತುತ್ತಿದ್ದ ಮರದ ಗಾಲಿಯನ್ನು ಊರಿನ ಮಧ್ಯೆ ರಿಪೇರಿ ಮಾಡಿ ನಿಲ್ಲಿಸಿದ್ದಾರೆ. ಅಲ್ಲಿ ಇಳಿದು ಉಳಿದ ನೀರು ಕುಡಿದು ಹೊರಟರೆ, ಮುಂದಕ್ಕೆ ಕಡಲವರೆಗೂ ಇಳಿಜಾರು.