ರೆಕ್ಕೆ ಬೇಡವೆಂದ ಹಲಗೆ

ನೀರಿನ ಮೇಲೆ ಚಲಿಸುವ ಯಾವುದೇ ಸಾಧನಕ್ಕೆ ಎರಡು ಸಮಸ್ಯೆಗಳಿರುತ್ತವೆ. ಮುಂದಕ್ಕೆ ಸಾಗುವುದು ಒಂದು, ಸಾಗುವಾಗ ಪಕ್ಕಕ್ಕೆ ಜಾರದೆ, ಗಿರಕಿ ಹೊಡೆಯದೆ ದಿಕ್ಕು ಹಿಡಿದಿರುವುದು ಮತ್ತೊಂದು. ಈ ಎರಡನೆಯ ಸಮಸ್ಯೆಯನ್ನು ಅರಿಯಲು ಮೈಸೂರಿನವರು ಕಡಲಿನವರೆಗೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣ, ತಲಕಾಡುಗಳ ಕಾವೇರಿಯಲ್ಲಿ ಇಂದಿಗೂ ಕಾಣಸಿಗುವ ಹರಿಗೋಲೇ ಅದಕ್ಕೆ ಸಾಕು. ಬಿದಿರ ದಬ್ಬೆಗಳನ್ನು ಹೆಣೆದು, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಮಾಡುವ ಈ ದುಂಡು ದೋಣಿಗೆ ಹಿಂದು ಮುಂದು ಎಂಬುದಿಲ್ಲ, ಅದರ ಚಪ್ಪಟೆ ತಳದಿಂದ ನೀರಿನೊಳಕ್ಕೆ ಚಾಚಿದ ಯಾವ ಅಲಗೂ ಇಲ್ಲ. ಆದ್ದರಿಂದ ಅಂಬಿಗನ ಕೈ ಸ್ವಲ್ಪ ತಪ್ಪಿದರೂ ಅದು ತನ್ನ ಸುತ್ತ ತಾನೇ ತಿರುಗತೊಡಗುತ್ತದೆ. ಹಾಗೆಂದು ಅದನ್ನು ಅರೆಕೊರೆ ಸಾಧನವೆಂದು ತಳ್ಳಿಹಾಕುವಂತಿಲ್ಲ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹದಿನೈದಿಪ್ಪತ್ತು ಜನರನ್ನಲ್ಲದೆ ಕುದುರೆ ಎತ್ತುಗಳನ್ನೂ ಹೊಳೆ ದಾಟಿಸುತ್ತಿದ್ದ ಇಂತಹ ಬುಟ್ಟಿದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಬಂಡೆಗಳು ತುಂಬಿದ, ಆಳವಿಲ್ಲದ ಹೊಳೆಯಲ್ಲಿ ತಳದ ಅಲಗು ತೊಡಕಾಗುವುದೇ ಹೆಚ್ಚು.

ಕಡಲ ಅಲೆಯ ಮೇಲೆ ಬೋರಲು ಮಲಗಿ ಸವಾರಿ ಮಾಡುವ ಹಲಗೆಯ ಚರಿತ್ರೆಯನ್ನೂ ಈ ದೃಷ್ಟಿಯಿಂದಲೇ ನೋಡಬೇಕಾಗುತ್ತದೆ. ಸರ್ಫಿಂಗ್ ಎಂದೊಡನೆ ಕಣ್ಣೆದುರು ಬರುವುದು ಹಲಗೆಯ ಮೇಲೆ ನಿಂತ ಸವಾರ, ಹಲಗೆಯ ಅಡಿಯಲ್ಲಿ ಮೀನಿನ ಈಜುರೆಕ್ಕೆಯಂತೆ ಚಾಚಿಕೊಂಡ ಫಿನ್. ನಿಂತು ಸವಾರಿ ಮಾಡುವ ಹಲಗೆಯು 20ನೆಯ ಶತಮಾನದಲ್ಲಿ ಮೊದಲು ಒಂದು, ಆಮೇಲೆ ಎರಡು, ಕೊನೆಗೆ ಮೂರು ಫಿನ್‌ಗಳನ್ನು ಪಡೆದು ಬೆಳೆಯಿತು. ಮಲಗಿ ಸವಾರಿ ಮಾಡುವ ಹಲಗೆ ಮಾತ್ರ ಹೆಚ್ಚುಕಡಿಮೆ ಫಿನ್ ಇಲ್ಲದೆಯೇ ಉಳಿಯಿತು. ಅದು ಹಿಂದುಳಿದಿದ್ದರಿಂದಲ್ಲ, ಫಿನ್ ಮಾಡುವ ಕೆಲಸವನ್ನು ಅಂಚು, ಬಾಲ ಮತ್ತು ಸವಾರನ ಮೈ ಹಂಚಿಕೊಂಡು ಮಾಡಿದ್ದರಿಂದ.

ಮಲಗಿ ಸವಾರಿ ಮಾಡುವುದು ಯಾವುದೋ ಒಂದೇ ತೀರದ ಸೊತ್ತಲ್ಲ. ಪಶ್ಚಿಮ ಆಫ್ರಿಕಾದ ಇಂದಿನ ಘಾನಾ ತೀರದಲ್ಲಿ, ಅಕ್ರಾ ಬಳಿ, ಹುಡುಗರು ಹಗುರವಾದ ಹಲಗೆಗಳನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡು ಅಲೆಗಾಗಿ ಕಾಯುತ್ತಿದ್ದುದನ್ನು 1834ರಲ್ಲಿ ಜೇಮ್ಸ್ ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ ಕಂಡಿದ್ದ. ಅದಕ್ಕೂ ಮೊದಲು, 1779ರಲ್ಲಿ, ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿದ್ದ ಜೇಮ್ಸ್ ಕಿಂಗ್ ಹವಾಯಿಯ ಜನ ಅಂಡಾಕಾರದ ಹಲಗೆಗಳ ಮೇಲೆ ಬೋರಲು ಮಲಗಿ ತೀರದತ್ತ ಧಾವಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ಹವಾಯಿಯಲ್ಲಿ ಮೂರು ಬಗೆಯ ಹಲಗೆಗಳಿದ್ದವು: ಅರಸುಮನೆತನದವರಿಗೆ ಮೀಸಲಾದ, ಬಲು ಉದ್ದದ ಓಲೋ; ತೆಳ್ಳಗಿನ, ದುಂಡು ಮೂತಿಯ, ಚೌಕ ಬಾಲದ ಅಲಾಯಾ; ಮಲಗಿ ಸವಾರಿ ಮಾಡಲು ತಕ್ಕ ಗಿಡ್ಡನೆಯ ಪಾಯ್ಪೊ. ಈ ಮೂರರಲ್ಲಿ ಒಂದಕ್ಕೂ ಫಿನ್ ಇರಲಿಲ್ಲ. ಅಲೆಯ ಇಳಿಜಾರಿಗೆ ಅಡ್ಡಲಾಗಿ ಹೋಗಬೇಕಾದಾಗ ಸವಾರನು ಒಳಗಿನ ಅಂಚನ್ನು ನೀರಿಗೆ ಒತ್ತಿ ಹಿಡಿಯುತ್ತಿದ್ದ, ಕಾಲನ್ನು ನೀರಿನಲ್ಲಿ ಎಳೆದು ದಿಕ್ಕು ತಿದ್ದುತ್ತಿದ್ದ.

ಈ ಒತ್ತುವಿಕೆ ಏಕೆ ಬೇಕು ಎಂಬುದನ್ನು ಇಲ್ಲಿ ವಿವರಿಸಬೇಕಾಗುತ್ತದೆ. ಒಡೆಯಲಿರುವ ಅಲೆಯ ಮುಖ ಒಂದು ಇಳಿಜಾರು. ಗುರುತ್ವ ಹಲಗೆಯನ್ನು ಅದರ ಬುಡದತ್ತ ಎಳೆಯುತ್ತದೆ, ಅದೇ ಹೊತ್ತಿಗೆ ನೀರು ಆ ಮುಖದ ಮೇಲೆ ಬುಡದಿಂದ ತಲೆಯತ್ತ ಏರುತ್ತಿರುತ್ತದೆ. ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ, ಆಳವಿಲ್ಲದ ನೀರಿನಲ್ಲಿ ಅಲೆಯ ವೇಗವನ್ನು ನಿರ್ಧರಿಸುವುದೂ ಆಳವೇ. ಹಾಗಾಗಿ 1 ಮೀಟರ್ ಎತ್ತರದ ಅಲೆ ಒಡೆಯುವ ಹೊತ್ತಿಗೆ ಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್, ಅಂದರೆ ಗಂಟೆಗೆ 13 ಕಿ.ಮೀ. ಆಸುಪಾಸಿನ ವೇಗದಲ್ಲಿ ದಡದತ್ತ ಬರುತ್ತಿರುತ್ತದೆ. ನೇರ ದಡಕ್ಕೇ ಹೋಗುವವನಿಗೆ ಇಷ್ಟೇ ವೇಗ ಸಾಕು. ಆದರೆ ಒಡೆಯುತ್ತಿರುವ ನೊರೆಯಿಂದ ತಪ್ಪಿಸಿಕೊಂಡು 45 ಡಿಗ್ರಿ ಓರೆಯಾಗಿ ಓಡುವವನು ಅಲೆಯ ಜೊತೆಗೇ ಇರಬೇಕಾದರೆ ಅದರ ಸುಮಾರು 1.4 ಪಟ್ಟು ವೇಗ ಗಳಿಸಬೇಕಾಗುತ್ತದೆ. ಓರೆಯಾಗಿ ಓಡುವ ಹಲಗೆ ಪಕ್ಕಕ್ಕೆ ಜಾರಿತೆಂದರೆ ಆ ವೇಗವೂ ಹೋಯಿತು, ಅಲೆಯೂ ಕೈತಪ್ಪಿತು.

ಫಿನ್ ಬಂದದ್ದು ಈ ಜಾರುವಿಕೆಗೆ ಮದ್ದಾಗಿ. 1935ರಲ್ಲಿ ಹವಾಯಿಯ ವೈಕೀಕಿಯಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದ ಈಜುಗಾರ, ಹಳೆಯದೊಂದು ವೇಗದೋಣಿಯ ತಳದಲ್ಲಿದ್ದ ಲೋಹದ ಅಲಗನ್ನು ತೆಗೆದು ತನ್ನ ಹಲಗೆಯ ಬಾಲದಡಿಗೆ ಜೋಡಿಸಿದ. ಸುಮಾರು ಒಂದು ಅಡಿ ಉದ್ದದ, ನಾಲ್ಕು ಅಂಗುಲ ಆಳದ ಆ ಅಲಗಿಗೆ ನೀರು ಓರೆಯಾಗಿ ತಾಗಿದಾಗ, ವಿಮಾನದ ರೆಕ್ಕೆಯಲ್ಲಿ ಮೇಲ್ಮುಖ ಬಲ ಹುಟ್ಟುವಂತೆ, ಇಲ್ಲಿ ಪಕ್ಕದತ್ತ ಒಂದು ಬಲ ಹುಟ್ಟಿ ಬಾಲವನ್ನು ಅಲೆಗೆ ಕಚ್ಚಿ ಹಿಡಿಯಿತು. ಎರಡು ವರ್ಷಗಳ ಬಳಿಕ, ಅದೇ ಹವಾಯಿಯಲ್ಲಿ, ಜಾನ್ ಕೆಲಿ ಮತ್ತು ಗೆಳೆಯರು ಇದೇ ಸಮಸ್ಯೆಗೆ ಬೇರೆಯೇ ಉತ್ತರ ಕಂಡುಕೊಂಡರು; ಕೊಡಲಿ ಹಿಡಿದು ಹಲಗೆಯ ಬಾಲವನ್ನು ಕಿರಿದಾಗಿ ಕಡಿದು, ತಳವನ್ನು ದೋಣಿಯ ತಳದಂತೆ ನಡುವೆ ಏಣಾಗುವ ಹಾಗೆ ಕೆತ್ತಿದರು. ಬಾಲ ಕಿರಿದಾದಷ್ಟೂ ಅದು ನೀರಿನಲ್ಲಿ ಆಳಕ್ಕೆ ಕೂರುತ್ತದೆ, ಆಳಕ್ಕೆ ಕೂತ ಬಾಲ ಪಕ್ಕಕ್ಕೆ ಜಾರುವುದಿಲ್ಲ. ಹಲಗೆಯ ಆಕಾರ ಮತ್ತು ಫಿನ್ ಒಂದೇ ಕೆಲಸವನ್ನು ಮಾಡಬಲ್ಲ ಎರಡು ಉಪಾಯಗಳು ಎಂಬುದಕ್ಕೆ ಈ ಕೊಡಲಿ ಕೆಲಸಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆದರೆ ಫಿನ್ ಜೋಡಿಸುವುದು ಸುಲಭ, ಕೆತ್ತುವುದು ಕಷ್ಟ, ಗೆದ್ದದ್ದು ಫಿನ್.

ಮುಂದಿನ ಕಥೆ ನಿಂತು ಸವಾರಿ ಮಾಡುವವರದು. 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯದ ಮಾರ್ಕ್ ರಿಚರ್ಡ್ಸ್ ಎರಡು ಫಿನ್‌ಗಳನ್ನು ಜನಪ್ರಿಯಗೊಳಿಸಿದ; ಅದೇ ದೇಶದ ಸೈಮನ್ ಆಂಡರ್ಸನ್ ಮೂರು ಫಿನ್‌ಗಳ ಹಲಗೆಯೊಂದಿಗೆ 1981ರ ಬೆಲ್ಸ್ ಬೀಚ್ ಸ್ಪರ್ಧೆಯನ್ನು ಗೆದ್ದ ಮೇಲೆ ಮೂರೇ ವಾಡಿಕೆಯಾಯಿತು.

ಫಿನ್‌ನ ಬಗ್ಗೆ ಆಳವಾಗಿ ಯೋಚಿಸಿದವರಲ್ಲಿ ಇಬ್ಬರು ಕೊನೆಗೆ ಫಿನ್ ಇಲ್ಲದ ಸಾಧನಕ್ಕೇ ಬಂದು ನಿಂತದ್ದು ಈ ಚರಿತ್ರೆಯ ಅತ್ಯಂತ ಕುತೂಹಲದ ಭಾಗ. ಮೊದಲನೆಯವನು ಕ್ಯಾಲಿಫೋರ್ನಿಯಾದ ಜಾರ್ಜ್ ಗ್ರೀನೊ. ಟ್ಯೂನಾ ಮೀನಿನ, ಅಂದರೆ ನಮ್ಮ ಕರಾವಳಿಯ ಕೇದರ ಮೀನಿನ, ಬಾಲರೆಕ್ಕೆಯನ್ನು ಗಮನಿಸಿ, ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಕಿರಿದಾಗಿ ಹಿಂದಕ್ಕೆ ಬಾಗಿದ, ಒತ್ತಡಕ್ಕೆ ಬಳುಕುವ ಫಿನ್ ಅನ್ನು ಆತ ರೂಪಿಸಿದ; 1966ರಲ್ಲಿ ಸ್ಯಾನ್ ಡಿಯಾಗೋದ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ನ್ಯಾಟ್ ಯಂಗ್‌ನ ಹಲಗೆಯಲ್ಲಿದ್ದದ್ದು ಅಂಥದೇ ಫಿನ್. ಅಂಥ ಗ್ರೀನೊ ತಾನು ಮಾತ್ರ ಹಲಗೆಯ ಮೇಲೆ ಮಂಡಿಯೂರಿ ಸವಾರಿ ಮಾಡುತ್ತಿದ್ದ, ಮುಂದೆ ಗಾಳಿ ತುಂಬಿದ ಮೆತ್ತನೆಯ ಹಾಸಿನ ಮೇಲೆ ಬೋರಲು ಮಲಗಿ ಹೋಗುವುದನ್ನೇ ನೆಚ್ಚಿಕೊಂಡ. ಆ ಹಾಸಿಗೆ ಫಿನ್ ಇಲ್ಲ. ಗಾಳಿಯನ್ನು ಅತ್ತಿತ್ತ ಹಿಂಡಿ ಅದರ ಆಕಾರವನ್ನೇ ಅಲೆಗೆ ತಕ್ಕಂತೆ ಬದಲಿಸುವುದು ಸವಾರನ ಕೈಗಳ ಕೆಲಸ.

ಎರಡನೆಯವನು ಟಾಮ್ ಮೋರಿ. ವಿಮಾನ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು, ಡ್ರಮ್ ವಾದಕನೂ ಆಗಿದ್ದ ಮೋರಿ, 1960ರ ದಶಕದಲ್ಲಿ ಬಿಚ್ಚಿ ಜೋಡಿಸಬಹುದಾದ ಫಿನ್ ತಯಾರಿಸಿ ಮಾರಿದ್ದವನು. 1971ರ ಜುಲೈ 7ರಂದು ಹವಾಯಿಯ ದೊಡ್ಡ ದ್ವೀಪದಲ್ಲಿ, ತನ್ನ ಬಳಿ ಉಳಿದಿದ್ದ ಪಾಲಿಎಥಿಲೀನ್ ಫೋಮ್‌ನ ತುಂಡೊಂದನ್ನು ಮಾಂಸ ಕತ್ತರಿಸುವ ವಿದ್ಯುತ್ ಚಾಕುವಿನಿಂದ ಎರಡಾಗಿ ಸೀಳಿ, ಸುಮಾರು ನಾಲ್ಕೂವರೆ ಅಡಿಯ ಹಲಗೆಯೊಂದನ್ನು ಆತ ಮಾಡಿದ. ಕಾದ ಇಸ್ತ್ರಿಪೆಟ್ಟಿಗೆ ನೇರ ತಾಗಿದರೆ ಫೋಮ್ ಕರಗಿ ಅಂಟಿಕೊಳ್ಳುತ್ತದೆ. ಅದಕ್ಕೆಂದು ನಡುವೆ ದಿನಪತ್ರಿಕೆಯ ಹಾಳೆ ಹಾಸಿ ಉಜ್ಜಿದಾಗ ಮೇಲ್ಮೈ ಗಟ್ಟಿ ಚರ್ಮದಂತಾಯಿತು, ಪತ್ರಿಕೆಯ ಅಕ್ಷರಗಳೂ ಹಲಗೆಯ ಮೇಲೆ ಮೂಡಿದವು. ಇಂದು ಬಾಡಿಬೋರ್ಡ್ ಎಂದು ಕರೆಯುವ ಹಲಗೆ ಹುಟ್ಟಿದ್ದು ಹೀಗೆ. ಅದಕ್ಕೆ ಮೋರಿ ಫಿನ್ ಇಡಲಿಲ್ಲ.

ಬಾಡಿಬೋರ್ಡ್‌ನ ಒಂದೊಂದು ಭಾಗವನ್ನೂ ನೋಡಿದರೆ ಫಿನ್‌ನ ಕೆಲಸ ಎಲ್ಲೆಲ್ಲಿಗೆ ಹಂಚಿಹೋಗಿದೆ ಎಂಬುದು ತಿಳಿಯುತ್ತದೆ. ಅದರ ಅಂಚು ಎರಡು ಓರೆ ಮುಖಗಳು ಸೇರಿ ಆದ ಚೂಪಾದ ಏಣು. ನೀರು ದುಂಡಾದ ಮೈಯನ್ನು ಅಪ್ಪಿಕೊಂಡು ಹರಿಯುತ್ತದೆ, ಚೂಪಾದ ಏಣಿನಲ್ಲಿ ಕಳಚಿಕೊಳ್ಳುತ್ತದೆ. ಆದ್ದರಿಂದ ಕೆಳ ಓರೆ ಅಗಲವಾಗಿ ಏಣು ಮೇಲಕ್ಕೆ ಸರಿದಂತೆ ಹಲಗೆ ಅಲೆಯನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಏಣು ಕೆಳಕ್ಕೆ ಸರಿದಂತೆ ಸಡಿಲವಾಗಿ ವೇಗವಾಗಿ ಓಡುತ್ತದೆ. ಬಾಲ ಸಾಮಾನ್ಯವಾಗಿ ಒಳಕ್ಕೆ ಕೊರೆದ ಅರ್ಧಚಂದ್ರಾಕಾರ. ಸವಾರನ ಸೊಂಟ ಅಲ್ಲಿ ಕೂರುತ್ತದೆ, ಎರಡು ಮೂಲೆಗಳು ನೀರಿನಲ್ಲಿ ಚುಚ್ಚಿಕೊಂಡು ಬಾಲವನ್ನು ಹಿಡಿಯುತ್ತವೆ. ತಳದಲ್ಲಿ ಬಾಲದತ್ತ ಉದ್ದುದ್ದ ಕೊರೆದ ಎರಡು ತೋಡುಗಳು ನೀರನ್ನು ನೇರ ಹಿಂದಕ್ಕೆ ಹರಿಯಿಸಿ ಜಾರುವಿಕೆಯನ್ನು ತಗ್ಗಿಸುತ್ತವೆ. ಮೂತಿಯಿಂದ ಬಾಲದವರೆಗಿನ ತಳದ ಬಾಗು ಕಡಿಮೆಯಿದ್ದಷ್ಟೂ ವೇಗ ಹೆಚ್ಚು, ಆದರೆ ಕಡಿದಾದ ಅಲೆಯಲ್ಲಿ ಚಪ್ಪಟೆ ಹಲಗೆಯ ಮೂತಿ ನೀರಿಗೆ ಹೂತುಹೋಗುವ ಅಪಾಯವೂ ಅಷ್ಟೇ ಹೆಚ್ಚು.

ಉಳಿದದ್ದು ಸವಾರನ ಮೈ. ನಿಂತವನ ಬಳಿ ಹಲಗೆಯನ್ನು ಒತ್ತಲು ಇರುವುದು ಎರಡು ಪಾದಗಳು ಮಾತ್ರ, ಅವನ ಭಾರದ ಕೇಂದ್ರ ಹಲಗೆಯಿಂದ ಎರಡು ಮೂರು ಅಡಿ ಮೇಲಿರುತ್ತದೆ. ಬಾಲವನ್ನು ನೀರಿಗೆ ಕಟ್ಟಿಹಾಕುವ ಒಂದು ಗೂಟ ಅವನಿಗೆ ಬೇಕೇ ಬೇಕು. ಮಲಗಿದವನ ಭಾರ ಹಲಗೆಗೆ ಅಂಟಿಕೊಂಡೇ ಇರುತ್ತದೆ. ಮೊಣಕೈ ಅಂಚನ್ನು ಒತ್ತುತ್ತದೆ, ಸೊಂಟ ಬಾಲವನ್ನು ಒತ್ತುತ್ತದೆ, ಈಜುಪಾದುಕೆ ತೊಟ್ಟ ಕಾಲು ಹಿಂದೆ ಚುಕ್ಕಾಣಿಯಾಗುತ್ತದೆ. ಅಲ್ಲಿಗೆ ಫಿನ್ ಹಲಗೆಯಿಂದ ಸವಾರನ ಪಾದಕ್ಕೆ ವರ್ಗವಾದಂತಾಯಿತು. ಹಲಗೆಗೂ ಫಿನ್ ಇಟ್ಟರೆ ಕಡಿದಾದ ದೊಡ್ಡ ಅಲೆಯಲ್ಲಿ ಹಿಡಿತ ಹೆಚ್ಚುವುದು ನಿಜ, ಆದರೆ ಬೇಕೆಂದಾಗ ಬಾಲವನ್ನು ಜಾರಿಸಿ ಒಂದು ಪೂರ್ಣ ಸುತ್ತು ತಿರುಗಿಸುವ ಸ್ವಾತಂತ್ರ್ಯ ಹೋಗುತ್ತದೆ, ಎಳೆತ ಹೆಚ್ಚುತ್ತದೆ, ಬಿದ್ದಾಗ ಗಡಸು ಅಲಗು ಮೈಗೆ ತಾಗುತ್ತದೆ. ಸಣ್ಣ ಅಲೆಯಲ್ಲಿ ಈ ವಿನಿಮಯ ಲಾಭದ್ದಲ್ಲ.

ಸಣ್ಣ ಅಲೆ ಎಂದೊಡನೆ ಕರ್ನಾಟಕದ ತೀರದ ಮಾತು ಬರುತ್ತದೆ. ಇಲ್ಲಿ ಆಧುನಿಕ ಸರ್ಫಿಂಗ್ ನೆಲೆಗೊಂಡದ್ದು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ, ಅದಕ್ಕೆ ಕಾರಣವಾದವರು ಫ್ಲಾರಿಡಾದ ಕಡಲತೀರದಲ್ಲಿ ಬೆಳೆದು, ಇಸ್ಕಾನ್ ಸ್ಥಾಪಕ ಪ್ರಭುಪಾದರ ಶಿಷ್ಯರಾಗಿ ಸಂನ್ಯಾಸ ಪಡೆದ ಜ್ಯಾಕ್ ಹೆಬ್ನರ್. ಮೈಸೂರಿನ ಮಗ್ಗುಲಿನ ಶ್ರೀರಂಗಪಟ್ಟಣದಲ್ಲಿ ಅವರ ಮಠವಿತ್ತು. 2004ರಲ್ಲಿ ಅವರು ಶಿಷ್ಯರೊಂದಿಗೆ ಮೂಲ್ಕಿಯಲ್ಲಿ ಸರ್ಫಿಂಗ್ ಆಶ್ರಮವನ್ನು ಆರಂಭಿಸಿದರು. ಕಡಲು ಕಾಣದ ಮೈಸೂರು ಸೀಮೆಗೂ ಮೂಲ್ಕಿಯ ಅಲೆಗೂ ಹೀಗೊಂದು ನಂಟು ಬೆಳೆದದ್ದು ಅನೇಕರಿಗೆ ತಿಳಿಯದ ಸಂಗತಿ. 2011ರಲ್ಲಿ ಸರ್ಫಿಂಗ್ ಫೆಡರೇಷನ್ ಆಫ್ ಇಂಡಿಯಾ ರೂಪುಗೊಂಡಿತು, 2016ರ ಮೇ ತಿಂಗಳ ಕೊನೆಯಲ್ಲಿ ಮೂಲ್ಕಿ ಬಳಿಯ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲು ಸೇರುವ ಅಳಿವೆ ಇರುವುದು ಅಲ್ಲೇ. ಸ್ಪರ್ಧೆಗೆ ಮೇ ಕೊನೆಯನ್ನು ಆರಿಸಿದ್ದರಲ್ಲಿ ಅರ್ಥವಿದೆ. ಮುಂಗಾರು ಸಮೀಪಿಸಿದಾಗ ಅರಬ್ಬಿ ಸಮುದ್ರದ ಅಲೆ ಏಳುತ್ತದೆ; ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಿಂದ ಬೇಸಿಗೆಯವರೆಗೆ, ಮರಳತಳದ ಮೇಲೆ ಮೆಲ್ಲಗೆ ಒಡೆಯುವ ತಗ್ಗು ಅಲೆಗಳೇ ಹೆಚ್ಚು.

ಕಡಿದಾದ ಅಲೆಗೆ ತಕ್ಕ ಕಿರಿದಾದ ಮೂರು ಫಿನ್‌ಗಳ ಹಲಗೆ ಇಂಥ ನೀರಿನಲ್ಲಿ ಹೊಸಬರಿಗೆ ಉಪಯೋಗಕ್ಕೆ ಬರುವುದು ಅಪರೂಪ. ತಳ ಅಗಲವೂ ಚಪ್ಪಟೆಯೂ ಆದಷ್ಟು ಹಲಗೆ ಕಡಿಮೆ ವೇಗದಲ್ಲೇ ನೀರಿನ ಮೇಲೆದ್ದು ಓಡತೊಡಗುತ್ತದೆ, ತಗ್ಗು ಅಲೆಯಲ್ಲಿ ಬೇಕಾದದ್ದು ಅದೇ. ಕಲಿಸುವ ಶಾಲೆಗಳು ನಿಂತು ಸವಾರಿ ಮಾಡುವವರಿಗೂ ಅಗಲವಾದ ಫೋಮ್ ಹಲಗೆಯನ್ನೇ ಕೊಡುವುದು ಇದೇ ಕಾರಣಕ್ಕೆ. ಮಲಗಿ ಸವಾರಿ ಮಾಡುವವರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮೋರಿ ಬಳಸಿದ ಪಾಲಿಎಥಿಲೀನ್ ಫೋಮ್ ತಣ್ಣೀರಿನ ಕಡಲಿಗೆ ಹೇಳಿಸಿದ್ದು; 28 ಡಿಗ್ರಿಯ ಆಸುಪಾಸಿನಲ್ಲಿರುವ ನಮ್ಮ ಕಡಲಿನಲ್ಲಿ ಅದು ಮೆತ್ತಗಾಗಿ ಬಾಗುತ್ತದೆ, ಬಾಗಿದ ಹಲಗೆ ವೇಗ ಕಳೆದುಕೊಳ್ಳುತ್ತದೆ. ಬೆಚ್ಚನೆಯ ನೀರಿಗೆ ಹೆಚ್ಚು ಗಡಸಾದ ಪಾಲಿಪ್ರೊಪಿಲೀನ್ ತಿರುಳಿನ ಹಲಗೆ ತಕ್ಕದ್ದು.

ದಸರಾ ರಜೆಯಲ್ಲಿ ಮಡಿಕೇರಿ ಘಾಟಿ ಇಳಿದು ಕರಾವಳಿಗೆ ಹೋಗುವ ಮೈಸೂರಿನ ಕುಟುಂಬಗಳಿಗೆ ಈ ಚರಿತ್ರೆಯಿಂದ ದೊರೆಯುವ ಸಲಹೆ ಇಷ್ಟು. ನೆಲಕ್ಕೆ ಊರಿ ನಿಲ್ಲಿಸಿದಾಗ ಹೊಕ್ಕುಳದ ಮಟ್ಟಕ್ಕೆ ಬರುವ, ಫಿನ್ ಇಲ್ಲದ ಹಲಗೆಯನ್ನು ಆರಿಸಿ, ಅದರ ಬಳ್ಳಿಯನ್ನು ತೋಳಿಗೆ ಕಟ್ಟಿಕೊಂಡು, ಜೀವರಕ್ಷಕರಿರುವ ತೀರದಲ್ಲಿ ಸೊಂಟಮಟ್ಟದ ನೀರಿನಿಂದಲೇ ಆರಂಭಿಸಬೇಕು; ಸೆಳೆತ ಜೋರಾಗಿರುವ ಅಳಿವೆಯ ಬಾಯಿಯಿಂದ ದೂರವಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಡಲಿಗೆ ಈ ಸಲಹೆ ಯಾವುದೂ ಅನ್ವಯಿಸದು. ಆ ತಿಂಗಳುಗಳಲ್ಲಿ ಹೊಸಬರ ಹಲಗೆ ಮನೆಯಲ್ಲೇ ಇರುವುದು ಲೇಸು.