ಸೂರ್ಯ ಅಣ್ಣನಾದರೆ ಸಾವು ಯಾರು?

ಲೆಕ್ಕಪರಿಶೋಧನೆ ನನ್ನ ಕಸುಬು. ಮುಂಬೈಗೆ ಬಂದು ಹತ್ತೊಂಬತ್ತು ವರ್ಷವಾಯಿತು. ನನ್ನ ಗ್ರಾಹಕರಲ್ಲಿ ಹೆಚ್ಚಿನವರು ಬಟ್ಟೆ ವ್ಯಾಪಾರಿಗಳು. ಹಾಗಾಗಿಯೋ ಏನೋ, ಅಸಿಸಿಯ ಸಂತ ಫ್ರಾನ್ಸಿಸರ ಬದುಕನ್ನು ಓದುವಾಗ ನನ್ನ ಗಮನ ಮೊದಲು ಹೋದದ್ದು ಅವರ ತಂದೆಯ ಕಡೆಗೆ. ಪಿಯೆತ್ರೊ ಬೆರ್ನಾರ್ದೋನೆ ಇಟಲಿಯ ಆ ಪುಟ್ಟ ಊರಿನ ಸಿರಿವಂತ ಬಟ್ಟೆ ವ್ಯಾಪಾರಿ. ಮಗ ಅಂಗಡಿಯ ಬಟ್ಟೆಯನ್ನು ಮಾರಿ, ಬಂದ ಹಣವನ್ನು ಪಾಳುಬಿದ್ದ ಚರ್ಚಿನ ದುರಸ್ತಿಗೆ ಕೊಡಲು ಹೋದ. ಅಪ್ಪ ಬಿಷಪರ ಮುಂದೆ ದೂರು ಒಯ್ದ. ಮಗ ಹಣ ಹಿಂದಿರುಗಿಸಿದ್ದಲ್ಲದೆ ಮೈಮೇಲಿನ ಬಟ್ಟೆಯನ್ನೂ ಕಳಚಿಟ್ಟು ನಡೆದುಬಿಟ್ಟ. ಅಪ್ಪನ ದೂರಿನಲ್ಲಿ ತಪ್ಪೇನಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

1209ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಈ ಭಿಕ್ಷುಕರ ಗುಂಪಿಗೆ ಬಾಯಿಮಾತಿನಲ್ಲೇ ಒಪ್ಪಿಗೆ ಕೊಟ್ಟರು. ಮೂರು ವರ್ಷಕ್ಕೆ ಕ್ಲಾರಾ ಎಂಬ ಶ್ರೀಮಂತ ಮನೆತನದ ಹೆಣ್ಣುಮಗಳೂ ಬಂದು ಸೇರಿದರು. 1223ರ ನಿಯಮಾವಳಿಯ ಪ್ರಕಾರ ಹಣ ಮುಟ್ಟುವಂತಿಲ್ಲ, ಮನೆಯಾಗಲಿ ಜಾಗವಾಗಲಿ ತಮ್ಮದೆನ್ನುವಂತಿಲ್ಲ.

ಆದರೆ ಸಾವಿರಾರು ಜನ ಸೇರಿದ ಮೇಲೆ ಮಠ ಬೇಕು, ಪುಸ್ತಕ ಬೇಕು. ಅದಕ್ಕೆ ಹುಡುಕಿದ ದಾರಿ ನಮ್ಮ ಕಸುಬಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ: ಆಸ್ತಿ ಪೋಪರ ಹೆಸರಿನಲ್ಲಿ, ಬಳಕೆ ಮಾತ್ರ ಸನ್ಯಾಸಿಗಳದ್ದು! 1245ರಲ್ಲಿ ಇದು ಅಧಿಕೃತವಾಯಿತು. 1322ರಲ್ಲಿ ಇಪ್ಪತ್ತೆರಡನೇ ಜಾನ್ ಪೋಪರು, ತಿಂದು ಮುಗಿಸುವ ರೊಟ್ಟಿಯ ಬಳಕೆಯನ್ನು ಒಡೆತನದಿಂದ ಬೇರೆ ಮಾಡುವುದು ಹೇಗೆ ಎಂದು ಕೇಳಿ ಆ ಏರ್ಪಾಟನ್ನು ಕೈಬಿಟ್ಟರು. ಅದಕ್ಕೂ ಮೊದಲೇ, 1318ರಲ್ಲಿ, ಬಡತನದ ವಿಷಯದಲ್ಲಿ ಹಟ ಹಿಡಿದ ನಾಲ್ವರು ಫ್ರಾನ್ಸಿಸ್ಕನ್ನರನ್ನು ಮಾರ್ಸೇಲಿನಲ್ಲಿ ಸುಟ್ಟಿದ್ದರು. ಲೆಕ್ಕದ ಪುಸ್ತಕದ ಒಂದು ಕಾಲಂಗಾಗಿ ಜೀವ ಹೋದದ್ದು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಫ್ರಾನ್ಸಿಸರು ಇದನ್ನೆಲ್ಲ ನೋಡಲಿಲ್ಲ, 1226ರಲ್ಲೇ ತೀರಿಕೊಂಡರು. ಅದರ ಹಿಂದಿನ ವರ್ಷ ಕಾಯಿಲೆ ಬಿದ್ದು, ಕಣ್ಣು ಬೆಳಕನ್ನೇ ತಾಳದ ಸ್ಥಿತಿಯಲ್ಲಿ ಅವರು ಕಟ್ಟಿದ ಹಾಡಿನಲ್ಲಿ ಸೃಷ್ಟಿಯ ಎಣಿಕೆ ಸೂರ್ಯನಿಂದ ಶುರುವಾಗುತ್ತದೆ. ಚರ್ಚಿನ ಲ್ಯಾಟಿನ್ನಿನಲ್ಲಿ ಅಲ್ಲ, ಉಂಬ್ರಿಯಾದ ಆಡುಮಾತಿನಲ್ಲಿ. ವಚನಗಳನ್ನು ಓದಿ ಬೆಳೆದ ನಮಗೆ ಅದು ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಭಾನುವಾರದ ಓದುಕೂಟದಲ್ಲಿ ಈ ಹಾಡನ್ನು ಕನ್ನಡಕ್ಕೆ ತರಲು ಕೂತೆವು. ಮೊದಲ ಸಾಲುಗಳಲ್ಲೇ ತೊಡಕು. ಅಲ್ಲಿ ಸೂರ್ಯ, ಗಾಳಿ, ಬೆಂಕಿ ಸೋದರರು. ಚಂದ್ರ, ನೀರು ಸೋದರಿಯರು. ಅವರ ಭಾಷೆಗೆ ಅಷ್ಟು ಸಾಕು. ನಮಗೆ ಹಿರಿಯರೋ ಕಿರಿಯರೋ ಗೊತ್ತಾಗದೆ ಬಾಯೇ ಬರುವುದಿಲ್ಲ. ಸೂರ್ಯ ಅಣ್ಣ ಎಂಬುದಕ್ಕೆ ತಕರಾರಿಲ್ಲ. ಚಂದ್ರನೋ ನಮ್ಮಲ್ಲಿ ಮಾಮ, ಅಲ್ಲಿ ಹೆಣ್ಣು! ಭೂಮಿಯಂತೂ ಒಂದೇ ಉಸಿರಿನಲ್ಲಿ ಸೋದರಿಯೂ ಹೌದು, ತಾಯಿಯೂ ಹೌದು.

ಕೊನೆಯ ದಿನಗಳಲ್ಲಿ ಅವರು ಸೇರಿಸಿದ ಸಾಲುಗಳಲ್ಲಿ ಸಾವನ್ನೂ ಸೋದರಿ ಎಂದೇ ಕರೆದಿದ್ದಾರೆ. ನಾನು ತಂಗಿ ಎಂದು ಬರೆದಿದ್ದೆ. ಎರಡು ತಿಂಗಳ ಹಿಂದೆ ಊರಿನಲ್ಲಿ ತಾಯಿಯನ್ನು ಕಳೆದುಕೊಂಡು, ರೈಲು ಸಿಗದೆ ಮಣ್ಣಿಗೂ ಹೋಗಲಾಗದ ಗೆಳೆಯರೊಬ್ಬರು ಅಲ್ಲಿಯವರೆಗೆ ಸುಮ್ಮನಿದ್ದವರು, "ತಂಗಿ ಬೇಡ ಸಾರ್, ಅಕ್ಕ ಅನ್ನಿ. ಅಕ್ಕ ಆದ್ರೆ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಾಳೆ" ಎಂದರು. ಯಾರೂ ಎದುರಾಡಲಿಲ್ಲ, ತಿದ್ದಿಕೊಂಡೆ. ನೀರು ಅಕ್ಕನೋ ತಂಗಿಯೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.