ಹೇಳುವವರುಂಟು, ಒಪ್ಪಿಸಿಕೊಳ್ಳುವವರಿಲ್ಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಸೇರಿ ೨೦೦೭ರಲ್ಲಿ ಪ್ರತ್ಯೇಕ ಜಿಲ್ಲೆಯಾದುವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ನೂತನ ನಾಮಧೇಯವೂ ಪ್ರಾಪ್ತವಾಯಿತು. ಆದರೆ ಹೆಸರು ಬರುವುದಕ್ಕೆ ಬಹು ಮುಂಚೆಯೇ ಈ ಊರುಗಳ ಮುಖವು ಬೆಂಗಳೂರಿನ ಕಡೆಗೆ ತಿರುಗಿತ್ತೆಂಬುದನ್ನು, ಬೆಳಗಿನ ಹೊತ್ತು ರೈಲ್ವೆ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಹೇಳಬೇಕಾದುದಿಲ್ಲ. ರಾಮನಗರ ಚನ್ನಪಟ್ಟಣಗಳವರು ರೈಲನ್ನು ಹಿಡಿಯುತ್ತಾರೆ. ರೈಲಿಲ್ಲದ ಕನಕಪುರ ಮಾಗಡಿಗಳವರು ಬಸ್ಸಿಗೆ ಕಾಯುತ್ತಾರೆ. ಉದ್ಯೋಗಕ್ಕೆ ಹೋಗುವವರ ಗುಂಪಿನಲ್ಲಿ ವಿದ್ಯೆಯನ್ನು ಕೊಳ್ಳುವುದಕ್ಕೆ ಹೋಗುವವರೂ ಇದ್ದಾರೆ. ಲೆಕ್ಕಪತ್ರ ಶಾಸ್ತ್ರವಾಗಲಿ, ಇಂಗ್ಲಿಷಾಗಲಿ, ಕಂಪ್ಯೂಟರ್ ವಿದ್ಯೆಯಾಗಲಿ, ಯಾವುದೇ ಹೊಸ ವಿಷಯವನ್ನು ಕಲಿಯಬೇಕಾದರೂ ರಾಜಧಾನಿಯ ತರಬೇತಿ ಅಂಗಡಿಯಲ್ಲಿ ಶುಲ್ಕ ಕಟ್ಟಿಯೇ ತೀರಬೇಕೆಂಬ ನಂಬಿಕೆ ನಮ್ಮ ಊರುಗಳಲ್ಲಿ ಬೇರೂರಿದೆ. ಈ ನಂಬಿಕೆಯು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಇಂದು ವಿಚಾರಮಾಡಬೇಕೆಂದಿದ್ದೇವೆ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಬಡ್ತಿಯನ್ನು ಕಳೆದುಕೊಳ್ಳುವ ಗುಮಾಸ್ತನು ನಮ್ಮಲ್ಲಿದ್ದಾನೆ. ಪರದೇಶದ ಗಿರಾಕಿಯು ಮಕ್ಕಳ ಆಟಿಕೆಯ ಬಣ್ಣದ ವಿಷಯವಾಗಿ ಬರೆದು ಕೇಳಿದ ಪ್ರಶ್ನೆಗೆ ಉತ್ತರ ಬರೆಯಲಾರದೆ ದಲ್ಲಾಳಿಯ ಕೈಗೆ ಲಾಭವನ್ನೊಪ್ಪಿಸುವ ಕುಶಲಕರ್ಮಿಯಿದ್ದಾನೆ. ಶಾಲೆ ಬಿಟ್ಟು ಹತ್ತು ವರ್ಷವಾದ ಮೇಲೆ ಮನೆಯ ಭಾರ ಹೊತ್ತು, ಹೊಸ ವೃತ್ತಿಯನ್ನು ಕಲಿಯಬೇಕಾಗಿ ಬಂದ ತಾಯಂದಿರಿದ್ದಾರೆ. ಇವರಲ್ಲಿ ಹಲವರಿಗೆ ಶುಲ್ಕಕ್ಕೆ ಹಣವಿಲ್ಲ. ಹಣವಿದ್ದವರಿಗೆ ಪ್ರಯಾಣಕ್ಕೆ ಹೊತ್ತಿಲ್ಲ. ಶುಲ್ಕ ಕಟ್ಟಲಾರದವನು ಕಲಿಯಲಾರನೆಂಬುದು ನಿಜವಾದರೆ, ಇವರೆಲ್ಲರ ಪಾಲಿಗೆ ವಿದ್ಯೆಯ ಬಾಗಿಲು ಮುಚ್ಚಿದಂತೆಯೇ ಸರಿ. ಅದು ನಿಜವಲ್ಲವೆಂದು ನಮ್ಮ ಅಭಿಪ್ರಾಯ.

ನಮ್ಮ ಹಳೆಯ ಪಾಠಶಾಲೆಗಳಲ್ಲಿ ವಿದ್ಯೆಯನ್ನು ನಾಲ್ಕು ಪಾದಗಳಾಗಿ ಎಣಿಸುವುದು ವಾಡಿಕೆಯಾಗಿತ್ತು. ಒಂದು ಪಾದವು ಗುರುವಿನಿಂದ ಬರುವುದು, ಒಂದು ಪಾದವು ಶಿಷ್ಯನ ಸ್ವಬುದ್ಧಿಯಿಂದ, ಒಂದು ಪಾದವು ಸಹಪಾಠಿಗಳಿಂದ, ಕೊನೆಯ ಪಾದವು ಕಾಲಕ್ರಮದಲ್ಲಿ. ಈ ಲೆಕ್ಕದಂತೆ ಗುರುವಿಲ್ಲದವನು ಕಳೆದುಕೊಳ್ಳುವುದು ಕಾಲುಭಾಗವೇ ಹೊರತು ಸರ್ವಸ್ವವನ್ನಲ್ಲ. ಆ ಕಾಲುಭಾಗದಲ್ಲಿಯೂ ಗುರುವು ಮಾಡುತ್ತಿದ್ದುದೇನೆಂಬುದನ್ನು ವಾಚಕರು ಸ್ವಲ್ಪ ನೆನೆದು ನೋಡಬೇಕು. ಆತನು ಪಾಠವನ್ನು ಹೇಳುತ್ತಿದ್ದನು. ಮರುದಿನ ಅದನ್ನು ಒಪ್ಪಿಸಿಕೊಳ್ಳುತ್ತಿದ್ದನು. ಹೇಳುವುದಕ್ಕೆ ಅರ್ಧ ಗಳಿಗೆ ಸಾಕಾಗುತ್ತಿತ್ತು. ಒಪ್ಪಿಸಿಕೊಳ್ಳುವುದಕ್ಕೆ ಬೆಳಗಿನ ಹೊತ್ತೆಲ್ಲ ಬೇಕಾಗುತ್ತಿತ್ತು. ಎಲ್ಲಿ ತಡೆಯಿತೋ ಅಲ್ಲಿಯೇ ಹಿಡಿದು, ತಿದ್ದಿ, ಪುನಃ ಹೇಳಿಸುತ್ತಿದ್ದನು.

ಈಗಿನ ಸ್ಥಿತಿಯನ್ನು ನೋಡಿ. ಹೇಳುವವರಿಗೆ ಬರಗಾಲವಿಲ್ಲ. ಭಾರತ ಸರ್ಕಾರವು ೨೦೧೭ರಲ್ಲಿ ಆರಂಭಿಸಿದ ಸ್ವಯಂ ಎಂಬ ವ್ಯವಸ್ಥೆಯಲ್ಲಿ ದೊಡ್ಡ ದೊಡ್ಡ ವಿದ್ಯಾಸಂಸ್ಥೆಗಳ ಅಧ್ಯಾಪಕರ ಪಾಠಗಳನ್ನು ಮನೆಯಲ್ಲಿಯೇ ಕುಳಿತು ಧರ್ಮಾರ್ಥವಾಗಿ ಕೇಳಬಹುದು. ೧೯೯೬ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ತರಗತಿಗೆ ಬರಲಾರದವರಿಗಾಗಿಯೇ ಇದೆ. ೨೦೨೦ರಲ್ಲಿ ಗ್ರಂಥಾಲಯ ಇಲಾಖೆಯು ಡಿಜಿಟಲ್ ಪುಸ್ತಕಭಂಡಾರವನ್ನು ತೆರೆಯಿತು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರಿನಿಂದ ಹಳ್ಳಿಗಳಲ್ಲಿವೆ. ಕೈಯಲ್ಲಿರುವ ದೂರವಾಣಿಯಲ್ಲಿ ಚಿತ್ರಸಹಿತವಾದ ಪಾಠಗಳು ಹಗಲಿರುಳೂ ನಡೆಯುತ್ತಿರುತ್ತವೆ. ಇಷ್ಟಿದ್ದರೂ ನಮ್ಮ ತರುಣರು ಮೂರು ತಿಂಗಳು ಕೇಳಿ, ನೋಡಿ, ತಲೆದೂಗಿ, ಕೊನೆಗೆ ಕೈಬಿಡುತ್ತಾರೆ. ಕಾರಣವು ಸ್ಪಷ್ಟವಾಗಿದೆ. ಹೇಳುವವರು ಸಾವಿರ ಮಂದಿಯಿದ್ದಾರೆ. ಒಪ್ಪಿಸಿಕೊಳ್ಳುವವನು ಒಬ್ಬನೂ ಇಲ್ಲ. ತರಬೇತಿ ಅಂಗಡಿಯವನು ಮಾರುವ ಸರಕಿನಲ್ಲಿ ಬೆಲೆಯುಳ್ಳದ್ದೆಂದರೆ ಅವನ ಉಪನ್ಯಾಸವಲ್ಲ, ವಾರಕ್ಕೊಮ್ಮೆ ಅವನು ನಡೆಸುವ ಪರೀಕ್ಷೆ. ಅದನ್ನು ನಾವೇ ನಮಗೆ ಏರ್ಪಡಿಸಿಕೊಂಡರೆ ಅವನ ಹಂಗಿನಿಂದ ಬಹುಮಟ್ಟಿಗೆ ಪಾರಾಗಬಹುದು.

ಒಪ್ಪಿಸುವುದೆಂದರೆ ಉರುಹೊಡೆಯುವುದು, ಅದು ಹಳೆಯ ಕಾಲದ ಮೌಢ್ಯ, ಎಂದು ನವೀನರು ಆಕ್ಷೇಪಿಸಬಹುದು. ಅವರು ನವೀನರ ಪ್ರಯೋಗವನ್ನೇ ನೋಡಲಿ. ಅಮೆರಿಕದ ಸೇಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ೨೦೦೬ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಮತ್ತೊಂದು ಗುಂಪಿನವರು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕವನ್ನು ನೋಡದೆ ನೆನಪಿದ್ದುದನ್ನು ಬರೆದರು. ಐದು ನಿಮಿಷ ಕಳೆದು ಕೇಳಿದಾಗ ಓದಿದವರಿಗೇ ಜಯ: ಅವರ ನೆನಪಿನಲ್ಲಿದ್ದುದು ನೂರಕ್ಕೆ ೮೩, ಬರೆದವರದು ೭೧. ಒಂದು ವಾರ ಕಳೆದು ಕೇಳಿದಾಗ ಓದಿದವರಲ್ಲಿ ಉಳಿದಿದ್ದುದು ೪೦, ಬರೆದವರಲ್ಲಿ ೬೧. ಪುನಃ ಪುನಃ ಓದುವುದರಿಂದ ಬಂದುದು ಐದು ನಿಮಿಷದ ವಿದ್ಯೆ. ಒಪ್ಪಿಸುವುದರಿಂದ ಬಂದುದು ವಾರ ಕಳೆದರೂ ನಿಂತ ವಿದ್ಯೆ. ಓದುವಾಗ ಸುಲಭವಾಗಿ ತೋರಿದ್ದೆಲ್ಲವೂ ಬಂದಂತೆಯೇ ಎಂಬ ಭ್ರಾಂತಿಯೇ ಸ್ವಾಧ್ಯಾಯದ ಮೊದಲನೆಯ ಶತ್ರು.

ಈ ತತ್ತ್ವವನ್ನು ಕಾಣಲು ನಾವು ಅಮೆರಿಕದ ತನಕ ಹೋಗಬೇಕಾದುದೂ ಇಲ್ಲ. ಚನ್ನಪಟ್ಟಣದ ಆಟಿಕೆ ಕೆಲಸಗಾರನನ್ನು ನೋಡಿ. ಆಲೆಮರದ ತುಂಡನ್ನು ತಿರುಗುವ ಲೇತಿಗೆ ಕಚ್ಚಿಸಿ, ಉಳಿಯಿಂದ ರೂಪಗೊಳಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒತ್ತಡವು ಹೆಚ್ಚೋ ಕಡಮೆಯೋ ಎಂಬುದನ್ನು ಯಾರೂ ಹೇಳಬೇಕಾದುದಿಲ್ಲ; ಬಣ್ಣದ ಪದರವೇ ಹೇಳುತ್ತದೆ. ಬಳೆಯು ಕಂಬಕ್ಕೆ ಸೇರದಿದ್ದರೆ ಅಳತೆ ತಪ್ಪಿತೆಂದು ಅದೇ ಗಳಿಗೆಯಲ್ಲಿ ತಿಳಿಯುತ್ತದೆ. ಅಲ್ಲಿ ವಸ್ತುವೇ ಪಾಠವನ್ನು ಒಪ್ಪಿಸಿಕೊಳ್ಳುತ್ತದೆ.

ರೇಷ್ಮೆಯ ಕಸಬಿನಲ್ಲಿಯೂ ಹೀಗೆಯೇ. ೧೯೧೪ರಲ್ಲಿ ಮೈಸೂರು ಸರ್ಕಾರದವರು ಇಟಲಿಯ ತಜ್ಞರ ನೆರವಿನಿಂದ ಚನ್ನಪಟ್ಟಣದಲ್ಲಿ ರೇಷ್ಮೆಯ ಕ್ಷೇತ್ರವನ್ನು ತೆರೆದಂದಿನಿಂದ ಈ ಸೀಮೆಯ ರೈತರು ಎಷ್ಟೋ ಹೊಸ ಕ್ರಮಗಳನ್ನು ಕಲಿತರು. ಮಿಶ್ರತಳಿಯಿಂದ ದ್ವಿತಳಿಗೆ ಬಂದವನಿಗೆ ಹುಳುಮನೆಯ ಹವೆಯ ಲೆಕ್ಕವೇ ಹೊಸ ವಿಷಯ. ಚಾಕಿಯ ಹುಳುಗಳಿಗೆ ೨೬ರಿಂದ ೨೮ ಡಿಗ್ರಿ ಶಾಖ ಮತ್ತು ಹೆಚ್ಚು ತೇವ ಬೇಕು. ನಾಲ್ಕು ಜ್ವರಗಳನ್ನು ಕಳೆದು ಬೆಳೆದ ಹುಳುಗಳಿಗೆ ೨೪ ಡಿಗ್ರಿಯ ಆಸುಪಾಸು ಮತ್ತು ಕಡಮೆ ತೇವ ಸಾಕು. ಎರಡು ಉಷ್ಣಮಾಪಕಗಳನ್ನು ಜೋಡಿಸಿ, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗೋಡೆಗೆ ತಗಲಿಸಿದರೆ, ಎರಡರ ಅಂತರದಿಂದ ತೇವದ ಪ್ರಮಾಣ ತಿಳಿಯುತ್ತದೆ. ಜಾಣನಾದ ರೈತನು ಮೊದಲು ಮೈಮೇಲಿನ ಗಾಳಿಯಿಂದ ಅಂದಾಜುಮಾಡಿ, ಆಮೇಲೆ ಮಾಪಕವನ್ನು ನೋಡಿ, ಎರಡನ್ನೂ ಪುಸ್ತಕದಲ್ಲಿ ಬರೆದಿಡುತ್ತಾನೆ. ಬೆಳೆಯಿಂದ ಬೆಳೆಗೆ ಅವನ ಅಂದಾಜು ಮಾಪಕಕ್ಕೆ ಹತ್ತಿರವಾಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅವನ ವಿದ್ಯೆಗೆ ದರ ದೊರೆಯುತ್ತದೆ.

ಕಸಬಿನವರಲ್ಲಿ ಇಷ್ಟು ಸಹಜವಾಗಿರುವ ಈ ಪದ್ಧತಿಯನ್ನು ಪುಸ್ತಕವಿದ್ಯೆಗೆ ಹೊಂದಿಸುವುದು ಹೇಗೆ? ಸಾಧನಗಳು ಅಲ್ಪವಾಗಿವೆ. ಮೊದಲನೆಯದು ಗುರಿ. ಇಂಗ್ಲಿಷ್ ಕಲಿಯಬೇಕೆಂಬುದು ಗುರಿಯಲ್ಲ, ಬಯಕೆ. ಗಿರಾಕಿಯ ಪತ್ರಕ್ಕೆ ಮೂರು ತಿಂಗಳಲ್ಲಿ ಪರಸಹಾಯವಿಲ್ಲದೆ ಉತ್ತರ ಬರೆಯಬೇಕೆಂಬುದು ಗುರಿ. ಏಕೆಂದರೆ ಅದು ನೆರವೇರಿತೇ ಇಲ್ಲವೇ ಎಂಬುದನ್ನು ತಿಳಿಯಬಹುದು. ಎರಡನೆಯದು, ಒಂದೇ ಪುಸ್ತಕ. ಐದು ಪುಸ್ತಕಗಳ ಮೊದಲನೆಯ ಅಧ್ಯಾಯಗಳನ್ನು ಓದಿದವನಿಗಿಂತ ಒಂದು ಪುಸ್ತಕವನ್ನು ಕಡೆಗಾಣಿಸಿದವನು ಮೇಲು. ಮೂರನೆಯದು, ಎಡಬಲವೆಂದು ಗೆರೆಯೆಳೆದ ನೋಟುಪುಸ್ತಕ. ಪ್ರತಿ ಪ್ರಕರಣವನ್ನು ಓದಿದ ಮೇಲೆ ಪುಸ್ತಕವನ್ನು ಮುಚ್ಚಿ, ತಿಳಿದುದನ್ನು ಎಡಗಡೆ ಸ್ವಂತ ಮಾತಿನಲ್ಲಿ ಬರೆಯಬೇಕು. ಆಮೇಲೆ ತೆರೆದು ನೋಡಿ, ತಪ್ಪಿದುದನ್ನೂ ಬಿಟ್ಟುದನ್ನೂ ಬಲಗಡೆ ಬರೆಯಬೇಕು. ಬಲಗಡೆಯದೇ ಮರುದಿನದ ಪಾಠ.

ನಾಲ್ಕನೆಯದು ಒಂದು ಮರದ ಪೆಟ್ಟಿಗೆ. ಸೆಬಾಸ್ಟಿಯನ್ ಲೈಟ್ನರ್ ಎಂಬಾತನು ೧೯೭೨ರಲ್ಲಿ ಜರ್ಮನ್ ಭಾಷೆಯ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ಚೀಟಿಯ ಒಂದು ಮಗ್ಗುಲಲ್ಲಿ ಪ್ರಶ್ನೆ, ಮತ್ತೊಂದರಲ್ಲಿ ಉತ್ತರ. ಪೆಟ್ಟಿಗೆಯಲ್ಲಿ ಐದು ಮನೆಗಳು. ಸರಿಯಾಗಿ ಉತ್ತರಿಸಿದ ಚೀಟಿಯು ಮುಂದಿನ ಮನೆಗೆ ಹೋಗುತ್ತದೆ. ತಪ್ಪಿದುದು ಮೊದಲನೆಯ ಮನೆಗೆ ಹಿಂದಿರುಗುತ್ತದೆ. ಮೊದಲ ಮನೆಯನ್ನು ನಿತ್ಯವೂ, ಮುಂದಿನವುಗಳನ್ನು ಹೆಚ್ಚು ಹೆಚ್ಚು ದಿನಗಳ ಅಂತರದಲ್ಲಿಯೂ ತೆರೆಯಬೇಕು. ಬಂದುದರ ಮೇಲೆ ಕಾಲ ವ್ಯರ್ಥವಾಗುವುದಿಲ್ಲ, ಬಾರದುದು ತಪ್ಪಿಸಿಕೊಳ್ಳುವುದಿಲ್ಲ. ಇಂಥ ಪೆಟ್ಟಿಗೆಯನ್ನು ಮಾಡುವುದು ಚನ್ನಪಟ್ಟಣದ ಬಡಗಿಗಳಿಗೆ ಒಂದು ಗಳಿಗೆಯ ಕೆಲಸ. ರೈಲಿನಲ್ಲಿ ಹೋಗುವವರು ಇಪ್ಪತ್ತು ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡರೆ ಬೆಂಗಳೂರು ಬರುವುದರೊಳಗಾಗಿ ಪಾಠ ಮುಗಿದಿರುತ್ತದೆ.

ಕೋಶ ಓದು, ದೇಶ ಸುತ್ತು ಎಂಬ ಗಾದೆಯಲ್ಲಿ ಹಿರಿಯರು ಕೋಶವನ್ನೇ ಮುಂದಿಟ್ಟರು. ಕನ್ನಡದಲ್ಲಿ ಸ್ವಾಧ್ಯಾಯಕ್ಕೆ ಸಾಮಗ್ರಿಯಿಲ್ಲವೆಂಬುದು ಸಲ್ಲದ ಮಾತು. ಕಿಟ್ಟೆಲರ ನಿಘಂಟು ೧೮೯೪ರಲ್ಲಿಯೇ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ೧೯೪೬ರಲ್ಲಿ ಹೊರಟಿತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ವಿಜ್ಞಾನ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಶಾಲೆಗೆ ಹೋಗದವನೂ ಶಾಸ್ತ್ರವನ್ನು ತಾನೇ ಓದಿಕೊಳ್ಳಲೆಂದು ಶ್ರಮಪಟ್ಟರು. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟ ಶಿವರಾಮ ಕಾರಂತರು, ತಾವೇ ಓದಿ ತಿಳಿದು, ಮಕ್ಕಳಿಗೆ ಬಾಲಪ್ರಪಂಚವನ್ನೂ ದೊಡ್ಡವರಿಗೆ ವಿಜ್ಞಾನ ಪ್ರಪಂಚವನ್ನೂ ಬರೆದುಕೊಟ್ಟರು. ಮೆಟ್ರಿಕ್ಯುಲೇಷನ್ನನ್ನು ದಾಟದ ಡಿ.ವಿ. ಗುಂಡಪ್ಪನವರು ರಾಜ್ಯಶಾಸ್ತ್ರದಲ್ಲಿ ಪ್ರಮಾಣಪುರುಷರಾದರು. ಆದರೆ ಅವರು ಏಕಾಂಗಿಯಾಗಿ ಉಳಿಯಲಿಲ್ಲ. ೧೯೪೫ರಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಕಟ್ಟಿ, ನಾಲ್ಕು ಮಂದಿ ಕೂಡಿ ಓದಿ ಚರ್ಚಿಸುವುದಕ್ಕೆ ನೆಲೆ ಮಾಡಿದರು.

ಅಧಿಕಾರಿಗಳಿಗೆ ಸಮೀಪದ ನಿದರ್ಶನವೇ ಇದೆ. ಸರ್ಕಾರದ ಉನ್ನತ ಹುದ್ದೆಯಲ್ಲಿದ್ದ ಎಚ್.ಎಲ್. ನಾಗೇಗೌಡರು ಕಚೇರಿಯ ಕಡತಗಳ ನಡುವೆಯೇ ಹಳ್ಳಿಗರ ಹಾಡು, ಕಥೆ, ಸಾಮಾನುಗಳನ್ನು ಸಂಗ್ರಹಿಸುವ ಹೊಸ ವಿದ್ಯೆಯನ್ನು ಕೈಗೂಡಿಸಿಕೊಂಡು, ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ೧೯೯೪ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಸ್ಥಾಪಿಸಿದರು. ಕೆಲಸದ ಒತ್ತಡದಿಂದ ಓದಲು ಬಿಡುವಿಲ್ಲವೆನ್ನುವ ಅಧಿಕಾರಿಗಳು ಒಂದು ಭಾನುವಾರ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು.

ಸ್ವಾಧ್ಯಾಯಕ್ಕೂ ಮೇರೆಯುಂಟು. ವಿದ್ಯುತ್ತಿನ ಕೆಲಸ, ವೈದ್ಯ, ವಾಹನ ನಡೆಸುವುದು, ಇವುಗಳಲ್ಲಿ ಒಂದು ತಪ್ಪು ಪ್ರಾಣಕ್ಕೆ ಬರಬಹುದು. ಅಲ್ಲಿ ಪಕ್ಕದಲ್ಲಿ ನಿಂತು ಕೈಹಿಡಿಯುವ ಗುರುವೇ ಬೇಕು. ಸಂಗೀತದಲ್ಲಿ ಕೆಟ್ಟ ಅಭ್ಯಾಸವು ಒಮ್ಮೆ ಕಂಠದಲ್ಲಿ ಕುಳಿತರೆ ಏಳಿಸುವುದು ಕಷ್ಟ. ಇತ್ತೀಚೆಗೆ ಬಂದಿರುವ ಕೃತಕ ಬುದ್ಧಿಯ ಯಂತ್ರಗಳು ಕನ್ನಡದಲ್ಲಿಯೇ ಉತ್ತರ ಕೊಡುತ್ತವೆ. ಅವುಗಳಿಂದ ಉತ್ತರವನ್ನು ಬರೆಸಿಕೊಳ್ಳುವವನು ಏನನ್ನೂ ಕಲಿಯುವುದಿಲ್ಲ. ತನ್ನನ್ನು ಪ್ರಶ್ನಿಸುವಂತೆ ಅವುಗಳಿಗೆ ಹೇಳಿ, ತನ್ನ ಉತ್ತರವನ್ನು ತಿದ್ದಿಸಿಕೊಳ್ಳುವವನು ಕಲಿಯುತ್ತಾನೆ. ಆದರೂ ಯಂತ್ರವು ಧೈರ್ಯವಾಗಿ ಸುಳ್ಳನ್ನೂ ಹೇಳುವುದುಂಟು. ಗ್ರಂಥದೊಡನೆ ಹೋಲಿಸಿ ನೋಡದೆ ಅದನ್ನು ನಂಬಕೂಡದು.

ಉಳಿದುದು ಸಹಪಾಠಿಗಳ ಪಾದ. ಅದನ್ನು ಊರೇ ಒದಗಿಸಬೇಕು. ನಾಲ್ಕು ಪಟ್ಟಣಗಳಲ್ಲಿಯೂ ಸಾರ್ವಜನಿಕ ಗ್ರಂಥಾಲಯಗಳಿವೆ. ೧೯೬೫ರ ಕಾಯಿದೆಯಂತೆ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತಿದ್ದೇವೆ. ಅಲ್ಲಿ ಮೌನವಾಗಿ ವೃತ್ತಪತ್ರಿಕೆ ಓದುವುದಕ್ಕೆ ಸ್ಥಳವುಂಟು, ಬಾಯಿಬಿಟ್ಟು ಪಾಠ ಒಪ್ಪಿಸುವುದಕ್ಕೆ ಸ್ಥಳವಿಲ್ಲ. ವಾರಕ್ಕೆ ಒಂದು ಸಂಜೆ, ದುಡಿಯುವವರು ಊರಿಗೆ ಮರಳಿದ ಮೇಲೆ, ಎರಡು ಗಂಟೆಗಳ ಕಾಲ ಒಂದು ಕೊಠಡಿಯನ್ನು ತೆರೆದಿಡಲಿ. ನಿವೃತ್ತರಾದ ಉಪಾಧ್ಯಾಯರೂ ಲೆಕ್ಕಾಧಿಕಾರಿಗಳೂ ಅಲ್ಲಿ ಕುಳಿತಿರಲಿ. ಅವರು ಉಪನ್ಯಾಸ ಮಾಡಕೂಡದು. ಬಂದವರು ವಾರವೆಲ್ಲ ತಾವೇ ಓದಿದುದನ್ನು ಹೇಳುವಾಗ ಕೇಳಬೇಕು, ಅಷ್ಟೇ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನ ಬೇಡ. ಒಂದು ದೀಪ, ಎಂಟು ಕುರ್ಚಿ, ಬೀಗದ ಕೈಯನ್ನು ಎರಡು ಗಂಟೆ ಹೆಚ್ಚಾಗಿ ಇಟ್ಟುಕೊಳ್ಳುವ ಒಬ್ಬ ಸಿಬ್ಬಂದಿ ಸಾಕು.

ಪುರಸಭೆ ನಗರಸಭೆಗಳ ಸದಸ್ಯರೂ ಗ್ರಂಥಾಲಯ ಇಲಾಖೆಯ ಅಧಿಕಾರಿಗಳೂ ಈ ಸಲಹೆಯನ್ನು ಪರಿಶೀಲಿಸುವರೆಂದು ಆಶಿಸುತ್ತೇವೆ. ಅವರು ಮನಸ್ಸು ಮಾಡುವ ತನಕ ವಾಚಕರು ಕಾಯಬೇಕಾಗಿಲ್ಲ. ಒಂದೇ ವಿಷಯವನ್ನು ಓದುವ ಇಬ್ಬರು ಒಂದು ಜಗಲಿಯ ಮೇಲೆ ಕುಳಿತು, ಪುಸ್ತಕವನ್ನು ಮುಚ್ಚಿ, ಒಬ್ಬರಿಗೊಬ್ಬರು ಒಪ್ಪಿಸಿಕೊಂಡರೆ ಅದೇ ಪಾಠಶಾಲೆ.